ನೆಲ ನಿಜವಾಗ್ಲೂ ಡೊಂಕು: ಟಿಹುವಾನಾ ಕೊಳಚೆ, ಇಂಪೀರಿಯಲ್ ಬೀಚ್ ವಾಸನೆ ಮತ್ತೆ ಯಾರೂ ರಿಪೇರಿ ಮಾಡದ ಪ್ಲಾಂಟ್

2017ರ ಫೆಬ್ರವರಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೆಕ್ಸಿಕೋ ಗಡಿಗೆ ಅಂಟ್ಕೊಂಡಿರೋ ಇಂಪೀರಿಯಲ್ ಬೀಚ್ ಅಂತ ಒಂದು ಪುಟ್ಟ ಊರು, ಹೆಚ್ಚೂಕಮ್ಮಿ 26 ಸಾವಿರ ಜನ ಇರ್ಬೋದು, ಅಲ್ಲಿನೋರಿಗೆ ರಾತ್ರಿ ಕಿಟಕಿ ತೆಗೆಯೋಕೇ ಆಗ್ತಿಲ್ಲ, ಅಷ್ಟು ಗಬ್ಬು ವಾಸನೆ. ಎಲ್ಲಿಂದ ಬರ್ತಿದೆ ಅಂತ ಕೇಳಿದ್ರೆ ಯಾರ ಹತ್ರಾನೂ ಸರಿಯಾದ ಉತ್ತರ ಇಲ್ಲ. ತಿಂಗಳು ಮುಗಿಯೋ ಹೊತ್ತಿಗೆ ಗೊತ್ತಾಯ್ತು, ಗಡಿಯಾಚೆ ಟಿಹುವಾನಾ ನಗರದಲ್ಲಿ, ಅಲಾಮಾರ್ ಹೊಳೆ ಬಂದು ಟಿಹುವಾನಾ ನದಿಗೆ ಸೇರೋ ಜಾಗದ ಹತ್ರ ಒಂದು ದೊಡ್ಡ ಒಳಚರಂಡಿ ಪೈಪು ಕೈಕೊಟ್ಟಿದೆ, ಅದನ್ನ ಸರಿ ಮಾಡೋವಾಗ ಕೊಳಚೇನ ಸೀದಾ ನದಿಗೆ ಬಿಟ್ಟಿದ್ದಾರೆ, ನದಿ ಅದನ್ನ ಹೊತ್ಕೊಂಡು ಗಡಿ ದಾಟಿ ಇವರ ಮನೆ ಬಾಗಿಲಿಗೆ ತಂದಿದೆ. ಮೊದಲ ಅಂದಾಜು 14.3 ಕೋಟಿ ಗ್ಯಾಲನ್, ಅಂದ್ರೆ ಸುಮಾರು 54 ಕೋಟಿ ಲೀಟರ್. ಆಮೇಲೆ ಎರಡೂ ದೇಶದೋರು ಸೇರಿ ತನಿಖೆ ಮಾಡಿದಾಗ ಆ ಒಂದು ಸೋರಿಕೆಯ ಲೆಕ್ಕ ಅದಕ್ಕಿಂತ ತುಂಬಾ ಕಮ್ಮಿ ಅಂತ ಬಂತು. ಆದ್ರೆ ಊರಿನೋರ ಸಿಟ್ಟೇನೂ ಕಮ್ಮಿ ಆಗ್ಲಿಲ್ಲ, ಯಾಕಂದ್ರೆ ಅವರು ಕೇಳ್ತಿದ್ದಿದ್ದು ಲೀಟರ್ ಲೆಕ್ಕ ಅಲ್ವೇ ಅಲ್ಲ, ಮಕ್ಕಳು ಸಮುದ್ರಕ್ಕೆ ಇಳೀತಿದ್ದಾಗ ಒಂದು ಮಾತು ಹೇಳೋಕೆ ಯಾರಿಗೂ ಬಾಯಿ ಬರ್ಲಿಲ್ವಾ ಅನ್ನೋದು.

ಈ ಕೇಸ್ ಓದ್ತಾ ಹೋದಂಗೆ ನನಗೆ ತಲೆ ಕೆಟ್ಟಿದ್ದು ಬೇರೆ ವಿಷಯಕ್ಕೆ. ಅಮೆರಿಕದಲ್ಲಿ ಇದನ್ನ ಎಲ್ಲರೂ ಹೇಳೋದು ಒಂದೇ ಸಾಲಲ್ಲಿ, ಮೆಕ್ಸಿಕೋದೋರು ಅವರ ಕೊಳಚೇನ ನಮ್ಮ ಕಡೆ ಬಿಡ್ತಿದ್ದಾರೆ ಅಂತ. ಅದು ಸುಳ್ಳಲ್ಲ, ಆದ್ರೆ ಅರ್ಧ ಕಥೆ. ಇನ್ನರ್ಧ ಇರೋದು ಗಡಿ ಬೇಲಿಯ ಈಚೆ ಬದಿಗೆ, ಅಮೆರಿಕ ಸರ್ಕಾರದ್ದೇ ಒಂದು ಸಂಸ್ಕರಣಾ ಘಟಕದಲ್ಲಿ, ಅದು ವರ್ಷಗಟ್ಟಲೆ ಮೇಂಟೆನೆನ್ಸ್ ಇಲ್ದೆ ಹಾಳಾಗ್ತಿತ್ತು, ಹಾಳಾಗ್ತಿರೋದು ಗೊತ್ತಿದ್ದೋರು ಜೋರಾಗಿ ಹೇಳ್ಲಿಲ್ಲ, ಜೋರಾಗಿ ಕೂಗ್ತಿದ್ದೋರು ಒಳಗೆ ಹೋಗಿ ನೋಡ್ಲಿಲ್ಲ.

ಮೊದಲು ಜಾಗದ ಪರಿಚಯ ಆಗ್ಬೇಕು, ಇಲ್ಲಾಂದ್ರೆ ಏನೂ ಅರ್ಥ ಆಗಲ್ಲ. ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ ಅಂತಾರಲ್ಲ, ಇಲ್ಲಿ ನೆಲ ನಿಜವಾಗ್ಲೂ ಡೊಂಕು. ಟಿಹುವಾನಾ ನದಿಗೆ ನೀರು ಬರೋ ಪ್ರದೇಶದ ಮುಕ್ಕಾಲು ಭಾಗ ಮೆಕ್ಸಿಕೋದಲ್ಲಿದೆ, ನದಿ ಮಾತ್ರ ಉತ್ತರಕ್ಕೆ ತಿರುಗಿ ಗಡಿ ದಾಟಿ ಅಮೆರಿಕದಲ್ಲಿ ಸಮುದ್ರ ಸೇರುತ್ತೆ. ನದಿ ಒಂದೇ ಅಲ್ಲ, ಗಡಿ ಉದ್ದಕ್ಕೂ ಗೋಟ್ ಕ್ಯಾನ್ಯನ್, ಸ್ಮಗ್ಲರ್ಸ್ ಗಲ್ಚ್ ಅಂತೆಲ್ಲ ಕೊರಕಲುಗಳಿವೆ, ಅವೆಲ್ಲಾದರ ಇಳಿಜಾರೂ ಈ ಕಡೆಗೇ. ಮೇಲ್ಗಡೆ ಮನೆಯೋರು ಬಚ್ಚಲು ನೀರು ಹೆಂಗೆ ಬಿಟ್ರೂ ಕೆಳಗಡೆ ಮನೆ ಅಂಗಳಕ್ಕೇ ಬರುತ್ತಲ್ಲ, ಹಂಗೆ.

ಅದರ ಮೇಲೆ ಊರು ಬೆಳೆದ ರೀತಿ. 1950ರ ಹೊತ್ತಿಗೆ ಟಿಹುವಾನಾದಲ್ಲಿ ಒಂದು ಲಕ್ಷ ಜನಾನೂ ಇರ್ಲಿಲ್ಲ, 2020ಕ್ಕೆ 19 ಲಕ್ಷ ದಾಟಿತ್ತು. ಗಡಿ ಪಕ್ಕ ಸಾಲುಸಾಲು ಫ್ಯಾಕ್ಟರಿಗಳು, ಮಕಿಲಾಡೋರಾ ಅಂತಾರೆ ಅವಕ್ಕೆ, ಅಲ್ಲಿ ತಯಾರಾಗೋ ಮಾಲೆಲ್ಲ ಹೆಚ್ಚಾಗಿ ಹೋಗೋದು ಅಮೆರಿಕಕ್ಕೇ. ಕೆಲಸ ಹುಡುಕ್ಕೊಂಡು ಬಂದೋರು ಗುಡ್ಡದ ಮೇಲೆ, ಕೊರಕಲಲ್ಲಿ, ಎಲ್ಲಿ ಜಾಗ ಸಿಕ್ತೋ ಅಲ್ಲಿ ಮನೆ ಕಟ್ಕೊಂಡ್ರು, ಯುಜಿಡಿ ಲೈನ್ ಅವರ ಹಿಂದೆ ಓಡೋಕೆ ಆಗ್ಲೇ ಇಲ್ಲ. ಇನ್ನೊಂದು ತಮಾಷೆ ಏನಂದ್ರೆ ಟಿಹುವಾನಾಗೆ ಕುಡಿಯೋ ನೀರು ಬರೋದು ಕೊಲೊರಾಡೋ ನದಿಯಿಂದ, ಒಂದು ಸಾವಿರ ಮೀಟರ್‌ಗೂ ಜಾಸ್ತಿ ಎತ್ತರಕ್ಕೆ ಪಂಪ್ ಮಾಡಿ ಬೆಟ್ಟ ದಾಟಿಸಿ ತರ್ತಾರೆ. ಆ ನೀರಿನ ಪಾಲು ಮೆಕ್ಸಿಕೋಗೆ ಸಿಕ್ಕಿದ್ದು 1944ರ ಎರಡು ದೇಶಗಳ ನೀರಿನ ಒಪ್ಪಂದದಲ್ಲಿ, ಅದೇ ಒಪ್ಪಂದದಲ್ಲೇ ಗಡಿಯ ನೈರ್ಮಲ್ಯ ಸಮಸ್ಯೆಗೆ ಆದ್ಯತೆ ಕೊಡ್ತೀವಿ ಅಂತಾನೂ ಬರ್ಕೊಂಡಿದ್ದಾರೆ. ನೀರು ಬಂತು, ನಲ್ಲೀಲಿ ಹೋಯ್ತು, ಕೊಳಚೆಯಾಗಿ ಒಪ್ಪಂದ ಮಾಡ್ಕೊಂಡೋರ ಕಡೆಗೇ ವಾಪಸ್ ಹೋಯ್ತು.

ಇದನ್ನ ತಡೆಯೋಕೆ ಇರೋ ವ್ಯವಸ್ಥೆ ಹೆಂಗೆ ಅಂದ್ರೆ, ಗಡಿಗೆ ಸ್ವಲ್ಪ ಮುಂಚೆ ಮೆಕ್ಸಿಕೋ ಕಡೆ ಪಿಬಿ-ಸಿಲಾ ಅನ್ನೋ ಪಂಪಿಂಗ್ ಸ್ಟೇಷನ್ ಇದೆ. ಬೇಸಿಗೇಲಿ ನದೀಲಿ ಹರಿಯೋದು ಹೆಚ್ಚುಕಮ್ಮಿ ಕೊಳಚೇನೇ, ಅದನ್ನ ಇಲ್ಲಿ ಹಿಡಿದು ಎತ್ತಿ ಸಮುದ್ರ ತೀರದ ಕಡೆಗೆ ತಳ್ಳಬೇಕು. ಆದ್ರೆ ಹರಿವು ಸೆಕೆಂಡಿಗೆ ಸುಮಾರು ಸಾವಿರ ಲೀಟರ್ ದಾಟಿದ್ರೆ ಪಂಪ್ ಆಫ್ ಮಾಡ್ಬೇಕು, ಇಲ್ಲಾಂದ್ರೆ ಮಳೆ ನೀರಲ್ಲಿ ಬರೋ ಮರಳು, ಟೈರು, ಪ್ಲಾಸ್ಟಿಕ್ಕು ಎಲ್ಲ ಪಂಪಿನ ಹೊಟ್ಟೆಗೆ ಹೋಗುತ್ತೆ. ಅಂದ್ರೆ ಮಳೆ ಬಂದ ದಿನ ಈ ವ್ಯವಸ್ಥೆ ರಜಾ ಹಾಕುತ್ತೆ, ಅದು ಡಿಸೈನೇ ಹಂಗೆ. ಮಳೆ ಇಲ್ಲದ ದಿನ ಕೂಡ ಪಂಪ್ ಕೆಟ್ಟಿದ್ರೆ, ಕರೆಂಟ್ ಹೋಗಿದ್ರೆ, ಜರಡಿಯಲ್ಲಿ ಕಸ ಸಿಕ್ಕಿಹಾಕ್ಕೊಂಡಿದ್ರೆ ಅಷ್ಟೇ ಗತಿ.

ಪಂಪ್ ಕೆಲಸ ಮಾಡಿದ್ರೂ ಅಲ್ಲಿಗೆ ಮುಗೀಲಿಲ್ಲ. ಎತ್ತಿದ ಕೊಳಚೆ ಹೋಗ್ಬೇಕಾಗಿದ್ದು ಗಡಿಯಿಂದ ಸುಮಾರು 10 ಕಿಲೋಮೀಟರ್ ದಕ್ಷಿಣಕ್ಕಿರೋ ಪುಂಟಾ ಬಂದೇರಾ ಅನ್ನೋ ಜಾಗದ ಪ್ಲಾಂಟ್‌ಗೆ, ಸ್ಯಾನ್ ಆಂಟೋನಿಯೋ ದೆ ಲೋಸ್ ಬ್ಯೂನೋಸ್ ಅಂತ ಅದರ ಹೆಸರು. 1980ರ ದಶಕದ್ದು. ಅದು ಎಷ್ಟು ಹದಗೆಟ್ಟಿತ್ತು ಅಂದ್ರೆ ಕೊನೆಕೊನೆಗೆ ಬಂದ ಕೊಳಚೆ ಬಂದಹಾಗೇ ಸಮುದ್ರಕ್ಕೆ ಹೋಗ್ತಿತ್ತು, ಸಂಸ್ಕರಣೆ ಅನ್ನೋದು ಬೋರ್ಡಲ್ಲಿ ಮಾತ್ರ. ಬೇಸಿಗೇಲಿ ದಕ್ಷಿಣದಿಂದ ಅಲೆಗಳು ಬರೋ ಕಾಲದಲ್ಲಿ ಆ ಕೊಳಚೆ ತೀರದ ಗುಂಟ ತೇಲ್ಕೊಂಡು ಇಂಪೀರಿಯಲ್ ಬೀಚ್, ಅದರ ಪಕ್ಕದೂರು ಕೊರೊನಾಡೋವರೆಗೂ ಬರ್ತಿತ್ತು. ಸ್ಯಾನ್ ಡಿಯೇಗೋದಲ್ಲಿರೋ ಸ್ಕ್ರಿಪ್ಸ್ ಅನ್ನೋ ಸಾಗರ ವಿಜ್ಞಾನ ಸಂಸ್ಥೆಯ ಸಂಶೋಧಕರು ಇದನ್ನ ಮಾಡೆಲ್ ಮಾಡಿ ತೋರಿಸಿದ್ದಾರೆ, ಬೇಸಿಗೆಯ ಬೀಚ್ ಗಲೀಜಿಗೆ ನದಿಗಿಂತ ಈ ಪುಂಟಾ ಬಂದೇರಾದ ಪಾಲೇ ದೊಡ್ಡದು ಅಂತ. ಮಳೆಗಾಲದಲ್ಲಿ ನದಿಯಿಂದ, ಬೇಸಿಗೇಲಿ ಸಮುದ್ರದಿಂದ, ಅಂತೂ ವರ್ಷಪೂರ್ತಿ ಪಾಲು ತಪ್ತಿರ್ಲಿಲ್ಲ.

ಇಲ್ಲೀವರೆಗೂ ತಪ್ಪು ಮೆಕ್ಸಿಕೋದ್ದೇ. ಈಗ ಬೇಲಿ ದಾಟಿ ಈ ಕಡೆ ಬರೋಣ.

ಟಿಹುವಾನಾ ಬೆಳೆಯೋ ಸ್ಪೀಡ್ ನೋಡಿ ಎರಡೂ ದೇಶ 1990ರಲ್ಲಿ ಒಂದು ನಿರ್ಧಾರಕ್ಕೆ ಬಂದ್ವು, ಟಿಹುವಾನಾದ ಕೊಳಚೆಯ ಒಂದು ಭಾಗವನ್ನ ಅಮೆರಿಕದ ನೆಲದಲ್ಲೇ ಸಂಸ್ಕರಿಸೋಣ ಅಂತ. ಗಡಿ ಬೇಲಿ ಪಕ್ಕದಲ್ಲೇ ಕಟ್ಟಿದ ಸೌತ್ ಬೇ ಪ್ಲಾಂಟ್ 1997ರಲ್ಲಿ ಶುರುವಾಯ್ತು, ದಿನಕ್ಕೆ 2.5 ಕೋಟಿ ಗ್ಯಾಲನ್, ನಮ್ಮ ಲೆಕ್ಕದಲ್ಲಿ 95 ಎಂಎಲ್‌ಡಿ, ಅಂದ್ರೆ ದಿನಕ್ಕೆ 9.5 ಕೋಟಿ ಲೀಟರ್. ನಡೆಸೋದು ಐಬಿಡಬ್ಲ್ಯೂಸಿ, ಅಂದ್ರೆ ಎರಡು ದೇಶಗಳ ಗಡಿ ಮತ್ತು ನೀರಿನ ಆಯೋಗದ ಅಮೆರಿಕ ವಿಭಾಗ. ಶುರುವಾದಾಗ ಎರಡನೇ ಹಂತದ, ಅಂದ್ರೆ ಬ್ಯಾಕ್ಟೀರಿಯಾದಿಂದ ಮಾಡಿಸೋ ಸಂಸ್ಕರಣೆ ಇರ್ಲೇ ಇಲ್ಲ, ಅದು ಸೇರಿದ್ದು ಒಂದು ದಶಕಕ್ಕೂ ಜಾಸ್ತಿ ಆದ್ಮೇಲೆ. ಆಯೋಗ ಬರೋದು ವಿದೇಶಾಂಗ ಇಲಾಖೆಯ ಬಜೆಟ್ ಅಡಿ, ಅಲ್ಲಿ ರಾಯಭಾರ, ನೆರವು ಇವುಗಳ ಮಧ್ಯೆ ಒಂದು ಕೊಳಚೆ ಪ್ಲಾಂಟಿನ ಪಂಪು ಬದಲಾಯಿಸೋ ದುಡ್ಡಿಗೆ ಯಾವ ಸಂಸದ ಎದ್ದು ನಿಂತು ಮಾತಾಡ್ತಾನೆ ಹೇಳಿ.

2017ರ ಘಟನೆ ಆದ್ಮೇಲೆ ಸುತ್ತಮುತ್ತಲ ಸ್ಥಳೀಯ ಸಂಸ್ಥೆಗಳು ಸುಮ್ನೆ ಕೂರಲಿಲ್ಲ. 2018ರಲ್ಲಿ ಇಂಪೀರಿಯಲ್ ಬೀಚ್, ಚೂಲಾ ವಿಸ್ಟಾ, ಸ್ಯಾನ್ ಡಿಯೇಗೋ ಬಂದರು ಸೇರ್ಕೊಂಡು ಆಯೋಗದ ಮೇಲೇ ಕೇಸ್ ಹಾಕಿದ್ವು, ಆಮೇಲೆ ರಾಜ್ಯದೋರೂ ಹಾಕಿದ್ರು. ಗಮನಿಸಿ, ಕೇಸ್ ಹಾಕಿದ್ದು ಮೆಕ್ಸಿಕೋ ಮೇಲಲ್ಲ, ಅದು ಸಾಧ್ಯಾನೂ ಇಲ್ಲ, ತಮ್ಮದೇ ಫೆಡರಲ್ ಸರ್ಕಾರದ ಮೇಲೆ, ಕ್ಲೀನ್ ವಾಟರ್ ಕಾಯ್ದೆ ಅಡಿ. 2022ರಲ್ಲಿ ರಾಜಿ ಆಯ್ತು.

ಅಷ್ಟರಲ್ಲಿ ದುಡ್ಡೂ ಬಂತು. ಅಮೆರಿಕ, ಮೆಕ್ಸಿಕೋ, ಕೆನಡಾ ಹೊಸ ವ್ಯಾಪಾರ ಒಪ್ಪಂದ ಮಾಡ್ಕೊಂಡಾಗ ಅದರ ಜೊತೆಗೇ 2020ರಲ್ಲಿ ಅಮೆರಿಕದ ಕಾಂಗ್ರೆಸ್, ಅಂದ್ರೆ ಅಲ್ಲಿನ ಸಂಸತ್ತು, ಈ ಗಡಿ ಕೊಳಚೆಗೆ ಅಂತ 30 ಕೋಟಿ ಡಾಲರ್ ಎತ್ತಿಟ್ಟಿತು. ಎಲ್ಲಾ ಪಕ್ಷದೋರೂ ಪ್ರೆಸ್ ಮೀಟ್ ಮಾಡಿದ್ರು, ಎಲ್ಲರೂ ಗೆದ್ದಂಗೆ. ಪರಿಸರ ಸಂಸ್ಥೆ ಇಪಿಎ ಲೆಕ್ಕ ಹಾಕಿ ಪ್ಲಾನ್ ಮಾಡಿದ್ದು ಸೌತ್ ಬೇ ಪ್ಲಾಂಟನ್ನ ಡಬಲ್ ಮಾಡೋದು, ದಿನಕ್ಕೆ 5 ಕೋಟಿ ಗ್ಯಾಲನ್‌ಗೆ. 2022ರಲ್ಲಿ ಮೆಕ್ಸಿಕೋ ಜೊತೆ ಸೇರಿ ಒಟ್ಟು 47.4 ಕೋಟಿ ಡಾಲರ್ ಕೆಲಸಗಳ ಪಟ್ಟಿಗೂ ಸಹಿ ಬಿತ್ತು, ಅದರಲ್ಲಿ ಮೆಕ್ಸಿಕೋ ಪಾಲು 14.4 ಕೋಟಿ.

ಈಗ ಬರೋದು ನೋಡಿ ನನಗೆ ನಿದ್ದೆಗೆಡಿಸಿದ ಭಾಗ. 2022ರಲ್ಲಿ ಟಿಹುವಾನಾದಲ್ಲಿ ಮತ್ತೊಂದು ಮುಖ್ಯ ಕೊಳವೆ ಒಡೀತು, ಪ್ಲಾಂಟ್‌ಗೆ ಅದರ ತಾಕತ್ತಿಗಿಂತ ಜಾಸ್ತಿ ಕೊಳಚೆ ನುಗ್ಗಿತು, ಮರಳು ಕಸ ಎಲ್ಲ ಸೇರಿ ಗಲೀಜನ್ನ ತಳಕ್ಕೆ ಕೂರಿಸೋ ಮೊದಲ ಹಂತದ ತೊಟ್ಟಿಗಳಲ್ಲಿ ಹೂಳು ತುಂಬ್ಕೊಳ್ತು. ಮೊದಲ ಹಂತ ಸತ್ರೆ ಎರಡನೇ ಹಂತ ತಾನೇ ಸಾಯುತ್ತೆ, ಯಾಕಂದ್ರೆ ಅಲ್ಲಿ ಕೆಲಸ ಮಾಡೋದು ಬ್ಯಾಕ್ಟೀರಿಯಾ, ಅವಕ್ಕೆ ಹೂಳು ಗ್ರೀಸು ಬಂದು ಬಿದ್ರೆ ಉಸಿರು ಕಟ್ಟುತ್ತೆ. 2023ರ ಆಗಸ್ಟಲ್ಲಿ ಹಿಲರಿ ಚಂಡಮಾರುತ ಬೇರೆ ಬಂದು ಪಂಪ್‌ಗಳನ್ನ ಹಾಳು ಮಾಡ್ತು. ಅದೇ ವರ್ಷ ಬೆಳಕಿಗೆ ಬಂದಿದ್ದು ಏನಂದ್ರೆ ಇರೋ ಪ್ಲಾಂಟನ್ನ ಬರೀ ಸುಸ್ಥಿತಿಗೆ ತರೋಕೇ ಸುಮಾರು 15 ಕೋಟಿ ಡಾಲರ್ ಬೇಕು, ವರ್ಷಗಳಿಂದ ಮುಂದೂಡಿದ ರಿಪೇರಿಗಳ ಮೊತ್ತ ಅದು. ಮೂರು ವರ್ಷ ಎಲ್ಲರೂ 30 ಕೋಟೀಲಿ ಡಬಲ್ ಮಾಡ್ತೀವಿ ಅಂತ ಮಾತಾಡ್ತಿದ್ರಲ್ಲ, ಅದರಲ್ಲಿ ಅರ್ಧ ಹಳೇದನ್ನ ನೆಟ್ಟಗೆ ನಿಲ್ಲಿಸೋಕೇ ಹೋಗುತ್ತೆ ಅಂತ ಆಯ್ತು. ಪಾಯ ಬಿರುಕು ಬಿಟ್ಟಿದೆಯಾ ಅಂತ ನೋಡ್ದೆ ಮೇಲೆ ಮಹಡಿ ಎಬ್ಬಿಸೋಕೆ ಸಾಲ ಮಾಡಿದಂಗೆ. ಒಟ್ಟು ಖರ್ಚಿನ ಅಂದಾಜು ಏರ್ತಾ ಏರ್ತಾ 60 ಕೋಟಿ ಡಾಲರ್ ಮುಟ್ಟಿತು.

ಇದನ್ನ ಒಬ್ಬ ಅಧಿಕಾರಿ ತಲೆಗೆ ಕಟ್ಟೋದು ಸುಲಭ, ಆದ್ರೆ ನನಗೆ ಅನ್ಸೋದು ಬೇರೆ. ರಿಪೇರಿಗೆ ರಿಬ್ಬನ್ ಇಲ್ಲ. ಹೊಸ ಪ್ಲಾಂಟಿಗೆ ಗುದ್ದಲಿ ಪೂಜೆ ಇದೆ, ಫೋಟೋ ಇದೆ, ಹೆಸರು ಕೆತ್ತಿದ ಕಲ್ಲಿದೆ. ತೊಟ್ಟಿ ಹೂಳು ತೆಗೆಸಿದೆ, ಬೇರಿಂಗ್ ಬದಲಾಯಿಸಿದೆ ಅಂತ ಯಾರು ಎಲೆಕ್ಷನ್‌ಗೆ ನಿಲ್ತಾರೆ? ಅದರಲ್ಲೂ ಬೈಯೋಕೆ ಪಕ್ಕದಲ್ಲೇ ಒಂದು ದೇಶ ಇರೋವಾಗ ನಮ್ಮ ತೊಟ್ಟಿ ಹೂಳು ಯಾರ ಕಣ್ಣಿಗೂ ಬೀಳಲ್ಲ. ಎಲ್ಲ ಸಿಟ್ಟೂ ದಕ್ಷಿಣಕ್ಕೆ ಹೋಗುತ್ತೆ.

ಇನ್ನು ಬೈಗುಳದ ರೂಟ್ ನೋಡಿದ್ರೆ ನಗು ಬರುತ್ತೆ, ಅಳುವೂ ಬರುತ್ತೆ. ಊರಿನ ಮೇಯರ್‌ಗಳು, ಮೊದಲು ಸರ್ಜ್ ದೆದಿನಾ, ಆಮೇಲೆ ಪಲೋಮಾ ಆಗಿರೆ, ಕೂಗಿದ್ದು ರಾಜ್ಯ ಸರ್ಕಾರಕ್ಕೂ ಕೇಂದ್ರಕ್ಕೂ. ತುರ್ತುಸ್ಥಿತಿ ಘೋಷಣೆ ಮಾಡಿ ಅಂತ ಗವರ್ನರ್ ಗ್ಯಾವಿನ್ ನ್ಯೂಸಮ್‌ಗೆ ವರ್ಷಗಟ್ಟಲೆ ಬೇಡ್ಕೊಂಡ್ರು, ಇದು ಫೆಡರಲ್ ಪ್ಲಾಂಟು, ಅಂತರರಾಷ್ಟ್ರೀಯ ಗಡಿ, ನಾವು ಘೋಷಣೆ ಮಾಡಿದ್ರೂ ಪ್ರಯೋಜನ ಆಗಲ್ಲ ಅನ್ನೋ ಅರ್ಥದ ಉತ್ತರ ಬಂತು. ಕೇಂದ್ರದಲ್ಲಿ ಬೈಡನ್ ಸರ್ಕಾರ ದುಡ್ಡು ಕೊಡಿಸ್ತೀವಿ ಅಂತು ಆದ್ರೆ ತುರ್ತುಸ್ಥಿತಿ ಘೋಷಿಸ್ಲಿಲ್ಲ. ಆಯೋಗದೋರು ಕಾಂಗ್ರೆಸ್ ದುಡ್ಡು ಕೊಟ್ಟಿಲ್ಲ ಅಂದ್ರು, ಕಾಂಗ್ರೆಸ್ಸಲ್ಲಿ ಕೆಲವರು ಆಯೋಗ ಸರಿಯಾಗಿ ಕೇಳೇ ಇಲ್ಲ ಅಂದ್ರು. ಟ್ರಂಪ್ ಸರ್ಕಾರ ಬಂದ್ಮೇಲೆ ಇಪಿಎ ಮುಖ್ಯಸ್ಥ ಲೀ ಜೆಲ್ಡಿನ್ 2025ರ ಏಪ್ರಿಲಲ್ಲಿ ಸ್ಯಾನ್ ಡಿಯೇಗೋಗೆ ಬಂದು ಮೆಕ್ಸಿಕೋ ಇದನ್ನ ನಿಲ್ಲಿಸ್ಲೇಬೇಕು ಅಂತ ಗುಡುಗಿದ್ರು. ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು, ಇಲ್ಲಿ ನೀರು ಅಂದ್ರೆ ಯಾವ ನೀರು ಅಂತ ನಿಮಗೇ ಗೊತ್ತು.

ಇಷ್ಟರಲ್ಲಿ ಜನರ ಪಾಡು? ಇಂಪೀರಿಯಲ್ ಬೀಚ್ ಅನ್ನೋ ಊರಿನ ಹೆಸರಲ್ಲೇ ಬೀಚ್ ಇದೆ, ಆದ್ರೆ 2021ರ ಡಿಸೆಂಬರಿಂದ ಅಲ್ಲಿನ ತೀರ ಸಾವಿರಕ್ಕೂ ಹೆಚ್ಚು ದಿನ ಒಂದೇ ಸಮನೆ ಮುಚ್ಚಿತ್ತು. ನೀರಿಗೆ ಇಳೀಬೇಡಿ ಅನ್ನೋ ಬೋರ್ಡ್ ಓದ್ತಾನೇ ಮಕ್ಕಳು ದೊಡ್ಡವರಾದ್ರು. ಪಕ್ಕದ ಕೊರೊನಾಡೋದಲ್ಲಿ ನೌಕಾಪಡೆಯ ಸೀಲ್ ಕಮಾಂಡೋಗಳ ತರಬೇತಿ ನಡೆಯುತ್ತೆ, ಸಮುದ್ರದಲ್ಲೇ. ರಕ್ಷಣಾ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ವರದಿ ಪ್ರಕಾರ 2019ರ ಜನವರಿಯಿಂದ 2023ರ ಮೇ ತನಕ ಆ ತರಬೇತಿಯೋರಲ್ಲಿ 1,168 ವಾಂತಿಭೇದಿ ಥರದ ಹೊಟ್ಟೆ ಕಾಯಿಲೆ ಕೇಸ್ ದಾಖಲಾಗಿದೆ. ಜಗತ್ತಿನ ಅತಿ ಗಟ್ಟಿ ಸೈನಿಕರನ್ನ ಮಲಗಿಸಿದ್ದು ಒಂದು ಕೆಟ್ಟ ಪಂಪು.

ನೀರಿಂದ ದೂರ ಇದ್ರೆ ಸೇಫ್ ಅಂದ್ಕೊಂಡಿದ್ರು ತುಂಬ ಜನ. ಅದೂ ಸುಳ್ಳಾಯ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೋ ಕ್ಯಾಂಪಸ್ಸಿನ ಕಿಂಬರ್ಲಿ ಪ್ರೇಥರ್ ತಂಡ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಪೀರಿಯಲ್ ಬೀಚಿನ ಗಾಳಿಯಲ್ಲಿ ಸಿಕ್ಕ ಬ್ಯಾಕ್ಟೀರಿಯಾದಲ್ಲಿ ಮುಕ್ಕಾಲು ಭಾಗದವರೆಗೂ ಕೊಳಚೆ ಮೂಲದ್ದು, ಅಲೆ ಒಡೆದಾಗ ಹಾರೋ ತುಂತುರಿನ ಜೊತೆ ಗಾಳಿಗೆ ಬಂದಿದ್ದು ಅಂತ ಬಂತು. ಆಮೇಲೆ 2024ರ ಸೆಪ್ಟೆಂಬರ್ ಹೊತ್ತಿಗೆ ಅದೇ ತಂಡ ಸ್ಯಾಟರ್ನ್ ಬೊಲೆವಾರ್ಡ್ ಅನ್ನೋ ರಸ್ತೆ ಹತ್ರ ಅಳತೆ ಮಾಡ್ತು. ಅಲ್ಲಿ ನದಿ ರಸ್ತೆ ಕೆಳಗಿನ ಕೊಳವೆಗಳಿಂದ ಧುಮ್ಮಿಕ್ಕಿ ಬೀಳುತ್ತೆ, ಬೆಟ್ಟದಷ್ಟು ನೊರೆ, ಬೀಳೋ ರಭಸಕ್ಕೆ ನೀರಲ್ಲಿ ಕರಗಿರೋ ಹೈಡ್ರೋಜನ್ ಸಲ್ಫೈಡ್ ಎಲ್ಲ ಗಾಳಿಗೆ ಬಿಟ್ಕೊಳುತ್ತೆ, ಕೊಳೆತ ಮೊಟ್ಟೆ ವಾಸನೆ ಬರೋ ಗ್ಯಾಸ್ ಅದು. ಮಾಮೂಲಿ ನಗರದಲ್ಲಿ ಅದರ ಪ್ರಮಾಣ ನೂರು ಕೋಟಿ ಪಾಲಿನಲ್ಲಿ ಒಂದು ಪಾಲೂ ಇರಲ್ಲ, ಕ್ಯಾಲಿಫೋರ್ನಿಯಾದ ಒಂದು ಗಂಟೆಯ ಮಿತಿ 30, ಇಲ್ಲಿ ರಾತ್ರಿ ಹೊತ್ತು 4,500ರ ತನಕ ಹೋಗಿತ್ತು. ತಮಾಷೆ ಏನಂದ್ರೆ ಅಲ್ಲಿನ ಜನ ವರ್ಷಗಳಿಂದ ತಲೆನೋವು, ವಾಕರಿಕೆ, ಮಕ್ಕಳಿಗೆ ಉಬ್ಬಸ ಅಂತ ಹೇಳ್ತಾನೇ ಇದ್ರು, ಬರೀ ವಾಸನೆ ತಾನೇ ಸ್ವಲ್ಪ ಸಹಿಸ್ಕೊಳಿ ಅನ್ನೋ ಧೋರಣೆ ಇತ್ತು. ಮೂಗು ಹೇಳಿದ್ದನ್ನ ನಂಬೋಕೆ ಮಷೀನ್ ಬರ್ಬೇಕಾಯ್ತು. ಅಧ್ಯಯನ 2025ರ ಆಗಸ್ಟಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಅಧಿಕಾರಿಗಳು ಕೊಟ್ಟ ಪರಿಹಾರ ಮನೆಗಳಿಗೆ ಏರ್ ಪ್ಯೂರಿಫೈಯರ್. ಅಂದ್ರೆ ನದಿ ರಿಪೇರಿ ಆಗೋವರೆಗೂ ಬಾಗಿಲು ಹಾಕ್ಕೊಂಡು ಕೂತ್ಕೊಳಿ.

ಕೆಲಸ ಆಗ್ಲೇ ಇಲ್ಲ ಅಂದ್ರೆ ಅನ್ಯಾಯ ಆಗುತ್ತೆ. 2024ರ ಶುರುವಲ್ಲಿ ಮೆಕ್ಸಿಕೋ ಆ ಪುಂಟಾ ಬಂದೇರಾ ಪ್ಲಾಂಟನ್ನ ಹೊಸದಾಗಿ ಕಟ್ಟೋಕೆ ಶುರು ಮಾಡ್ತು, ಕೆಲಸ ವಹಿಸಿದ್ದು ಸೈನ್ಯಕ್ಕೆ. ಅದೇ ವರ್ಷ ಮುಗಿಸ್ತೀವಿ ಅಂದಿದ್ದು 2025ಕ್ಕೆ ಜಾರಿತು, ಆದ್ರೂ ಮುಗೀತು, ದಿನಕ್ಕೆ 1.8 ಕೋಟಿ ಗ್ಯಾಲನ್. ಅಮೆರಿಕದ ಕಾಂಗ್ರೆಸ್ 2024ರಲ್ಲಿ ಆಯೋಗದ ನಿರ್ಮಾಣ ಬಜೆಟ್ ಏರಿಸ್ತು, ವರ್ಷದ ಕೊನೇಲಿ ಇನ್ನೂ 25 ಕೋಟಿ ಡಾಲರ್ ಕೊಟ್ತು, ಸೌತ್ ಬೇ ಪ್ಲಾಂಟ್ ರಿಪೇರಿ, ವಿಸ್ತರಣೆ ಎರಡಕ್ಕೂ ಕಾಂಟ್ರಾಕ್ಟ್ ಆಯ್ತು. 2025ರಲ್ಲಿ ಪ್ಲಾಂಟ್ ಸಾಮರ್ಥ್ಯವನ್ನ 2.5ರಿಂದ 3.5 ಕೋಟಿ ಗ್ಯಾಲನ್‌ಗೆ ಏರಿಸೋದನ್ನ 100 ದಿನದಲ್ಲಿ ಮಾಡ್ತೀವಿ ಅಂತ ಹೇಳಿ ಆಗಸ್ಟಲ್ಲಿ ಮಾಡಿ ತೋರಿಸಿದ್ರು, ಮುಂಚೆ ಅದಕ್ಕೇ ಎರಡು ವರ್ಷ ಬೇಕು ಅಂತಿದ್ರು. ಇದು ಒಳ್ಳೇದೇ, ಚಪ್ಪಾಳೆ ಹೊಡೀಬೇಕು, ಆದ್ರೆ ಚಪ್ಪಾಳೆ ಹೊಡೀತಾನೇ ಒಂದು ಪ್ರಶ್ನೆ ಬರುತ್ತೆ, 100 ದಿನದಲ್ಲಿ ಆಗೋ ಕೆಲಸಕ್ಕೆ ಇಷ್ಟು ವರ್ಷ ಯಾಕೆ ಕಾಯಿಸಿದ್ರಿ?

ಜುಲೈ 2025ರಲ್ಲಿ ಜೆಲ್ಡಿನ್ ಮತ್ತೆ ಮೆಕ್ಸಿಕೋದ ಪರಿಸರ ಸಚಿವೆ ಅಲಿಸಿಯಾ ಬಾರ್ಸೆನಾ ಒಂದು ಹೊಸ ಒಪ್ಪಂದಕ್ಕೆ ಸಹಿ ಹಾಕಿದ್ರು, 2027ರ ಡಿಸೆಂಬರ್ ಒಳಗೆ ಪ್ಲಾಂಟ್ ಪೂರ್ತಿ 5 ಕೋಟಿ ಗ್ಯಾಲನ್‌ಗೆ ಬರ್ಬೇಕು, ಮೆಕ್ಸಿಕೋ ಬಾಕಿ ಉಳಿಸಿದ ದುಡ್ಡು ಹಾಕ್ಬೇಕು ಅಂತೆಲ್ಲ. ಪೇಪರ್‌ಗಳು ಇದನ್ನ ಶಾಶ್ವತ ಪರಿಹಾರ ಅಂತ ಬರೆದ್ವು. ಆ ಒಪ್ಪಂದದಲ್ಲಿ ನಾನು ಹುಡುಕಿದ್ದು ಮಾತ್ರ ಬೇರೆ ಸಾಲು, ಅದು ಇತ್ತು ಕೂಡ, ಯಾವ ಹೆಡ್‌ಲೈನಲ್ಲೂ ಬರ್ಲಿಲ್ಲ ಅಷ್ಟೆ: ಎರಡೂ ದೇಶದೋರು ಸೇರಿ ನಡೆಸೋ ಉತ್ತರ ಅಮೆರಿಕ ಅಭಿವೃದ್ಧಿ ಬ್ಯಾಂಕಲ್ಲಿ ಬರೀ ನಡೆಸೋದಕ್ಕೆ, ಮೇಂಟೆನೆನ್ಸ್‌ಗೆ ಅಂತ ಒಂದು ಬೇರೆ ಖಾತೆ ತೆರೆಯೋ ಮಾತು. ಇನ್ಮೇಲೆ ಈ ಕೇಸಲ್ಲಿ ನಾನು ನೋಡ್ತಾ ಇರೋದು ಆ ಖಾತೆಯ ಪಾಸ್‌ಬುಕ್ಕನ್ನ, ಅದಕ್ಕೆ ಯಾರು ಎಷ್ಟು ಹಾಕ್ತಾರೆ, ಎರಡನೇ ವರ್ಷಾನೂ ಹಾಕ್ತಾರಾ ಅಂತ.